‘ಬಿಡಿ’ ಅನ್ನದೆ ಹೋದ ಬೆಳಿಗ್ಗೆ

ದಿನಾ ಬೆಳಿಗ್ಗೆ ಆರು ಗಂಟೆಗೆ ನಮ್ಮ ಟೆರೇಸಿನ ಮೇಲೆ ನನ್ನ ಗಂಡ ಮಾತಾಡಲು ಶುರು ಮಾಡುತ್ತಾರೆ. ಅವರು ತೀರಿಕೊಂಡು ವರ್ಷದ ಮೇಲಾಯಿತು. ‘ಬೆನ್ನು ನೆಟ್ಟಗಿರಲಿ. ಭುಜ ಸಡಿಲ ಬಿಡಿ. ನಿಧಾನಕ್ಕೆ ಉಸಿರು ತಗೊಳ್ಳಿ. ಒಂದು... ಎರಡು...’ ದೆವ್ವವೇನಲ್ಲ, ಹೆದರಬೇಡಿ. ಅಂಗೈಯಗಲದ ಒಂದು ಸ್ಪೀಕರು. ಅವರ ಪ್ರಾಣಾಯಾಮದ ಕ್ಲಾಸಿನವರು ಅದನ್ನು ನೀರಿನ ಟ್ಯಾಂಕಿನ ಕಟ್ಟೆಯ ಮೇಲಿಟ್ಟು, ಹಿಂದೆ ಯಾವತ್ತೋ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದ ಅವರ ದನಿ ಹಚ್ಚಿ, ಅದು ಹೇಳಿದ ಹಾಗೆ ಉಸಿರಾಡುತ್ತಾರೆ. ದೆವ್ವವಾಗಿದ್ದರೆ ನಾಲ್ಕು ಮಾತು ಬೈದು ಕಳಿಸಬಹುದಿತ್ತು. ಇದಕ್ಕೇನು ಮಾಡುವುದು?

ಒಂದು ವರ್ಷ ನಾನು ಮಾಡಿದ್ದು ಇಷ್ಟೇ. ದನಿ ಶುರುವಾದ ಕೂಡಲೇ ಎಫ್‌ಎಂ ಜೋರು ಮಾಡುತ್ತಿದ್ದೆ. ಆರೂಮುಕ್ಕಾಲು ಹತ್ತಿರ ಬಂದರೆ ಮಿಕ್ಸಿ ಹಾಕುತ್ತಿದ್ದೆ, ಚಟ್ನಿ ಬೇಕಿರಲಿ ಬೇಡವಿರಲಿ. ಒಬ್ಬಳಿಗೆ ಎಷ್ಟು ಚಟ್ನಿ ಬೇಕು ಹೇಳಿ? ನಮಗೆ ಮಕ್ಕಳಿಲ್ಲ. ಬನಶಂಕರಿ ಎರಡನೇ ಹಂತದ ಈ ಮನೆಯಲ್ಲಿ ಮೂವತ್ತು ವರ್ಷ ನಾವಿಬ್ಬರೇ ಇದ್ದೆವು, ಈಗ ನಾನೊಬ್ಬಳೇ. ಅರೆದ ಚಟ್ನಿಯನ್ನೆಲ್ಲ ಡಬ್ಬಿಗೆ ಹಾಕಿ ಎದುರು ಮನೆಗೆ ಕೊಡುತ್ತಿದ್ದೆ. ಅವರು ನನ್ನನ್ನು ಬಹಳ ಧಾರಾಳಿ ಎಂದುಕೊಂಡಿದ್ದಾರೆ, ಪಾಪ.

ಆರೂಮುಕ್ಕಾಲಿಗೇ ಮಿಕ್ಸಿ ಯಾಕೆಂದರೆ, ಆ ರೆಕಾರ್ಡಿಂಗಿನಲ್ಲಿ ನಾನೂ ಇದ್ದೇನೆ. ಅದನ್ನು ಹೇಳುವ ಮುಂಚೆ ಅವರ ವಿಷಯ ಹೇಳಿಬಿಡುತ್ತೇನೆ.

ನನ್ನ ಗಂಡ ಒಂದು ಕಾರ್ಖಾನೆಯ ಟೈಂ ಆಫೀಸಿನಲ್ಲಿದ್ದವರು. ಯಾರು ಎಷ್ಟು ಗಂಟೆಗೆ ಒಳಗೆ ಬಂದರು, ಎಷ್ಟಕ್ಕೆ ಹೊರಗೆ ಹೋದರು ಎಂದು ಬರೆದುಕೊಳ್ಳುವ ಕೆಲಸ. ರಿಟೈರಾದ ಮೇಲೆ ಆ ಚಪಲ ಹೋಗಲಿಲ್ಲ, ಉಸಿರಿನ ಮೇಲೆ ತಿರುಗಿತು. ಒಳಗೆ ಎಷ್ಟು ಎಣಿಕೆ, ಹೊರಗೆ ಎಷ್ಟು ಎಣಿಕೆ. ಮೊದಮೊದಲು ಒಬ್ಬರೇ ಕೂತಿರುತ್ತಿದ್ದರು. ಆಮೇಲೆ ಪಾರ್ಕಿನ ಗೆಳೆಯರು ಬಂದರು, ಅವರ ಹಿಂದೆ ಇನ್ನಿಬ್ಬರು, ಕೊನೆಗೆ ಆರು ಜನರ ಒಂದು ಕ್ಲಾಸೇ ಆಯಿತು. ಹೆಂಡತಿ ಸತ್ತ ಮೇಲೆ ನಿದ್ದೆ ಬಾರದ ರಿಟೈರ್ಡ್ ಬ್ಯಾಂಕ್ ಮ್ಯಾನೇಜರೊಬ್ಬರು ಶ್ರೀನಗರದಿಂದ ನಡೆದೇ ಬರುತ್ತಿದ್ದರು. ಬಿಟಿಎಂನ ಪಿಜಿಯಿಂದ ಒಬ್ಬಳು ಹುಡುಗಿ ಸ್ಕೂಟಿಯಲ್ಲಿ ಬರುತ್ತಿದ್ದಳು. ಅವಳಿಗೆ ಆಫೀಸಿನ ಲಿಫ್ಟಿನಲ್ಲಿ ನಿಂತರೆ ಎದೆ ಹಿಡಿದುಕೊಳ್ಳುತ್ತಿತ್ತು. ಇಲ್ಲಿ ಮೂರು ತಿಂಗಳು ಕೂತ ಮೇಲೆ ಹದಿನಾಲ್ಕನೇ ಫ್ಲೋರಿಗೆ ಲಿಫ್ಟಿನಲ್ಲೇ ಹೋದೆ ಎಂದು ಕುಣಿದಾಡಿಕೊಂಡು ಮೈಸೂರುಪಾಕು ತಂದುಕೊಟ್ಟಿದ್ದಳು.

‘ನೋವು ಎಲ್ಲಿ ಕೂತಿದೆ ಅಂತ ನಮಗೆ ಗೊತ್ತಿರಲ್ಲ, ಉಸಿರಿಗೆ ಗೊತ್ತಿರತ್ತೆ. ಅದು ಎಲ್ಲಿ ತಡೆಯತ್ತೋ ಅಲ್ಲಿ ಕೂತಿರತ್ತೆ’ ಎಂದು ಅವರು ಕ್ಲಾಸಿನಲ್ಲಿ ಹೇಳುತ್ತಿದ್ದರು. ನಾನು ಕೆಳಗೆ ಅಡುಗೆಮನೆಯಲ್ಲಿ ನಗುತ್ತಿದ್ದೆ. ಮನೆಯಲ್ಲಿ ನೆಟ್ಟಗೆ ಒಂದು ಕೊತ್ತಂಬರಿ ಕಟ್ಟು ತರಲು ಬಾರದ ಮನುಷ್ಯ ಮೇಲೆ ಕೂತು ಗುರುವಾಗಿಬಿಟ್ಟರಲ್ಲ ಎಂದು. ನನ್ನ ಬಾಯಿ ಸ್ವಲ್ಪ ಜೋರು. ಇಪ್ಪತ್ತೆಂಟು ವರ್ಷ ಸರ್ಕಾರಿ ಆಫೀಸಿನಲ್ಲಿ ಟೈಪಿಸ್ಟಾಗಿದ್ದವಳು, ಮಷೀನುಗಳ ಸದ್ದಿನ ನಡುವೆ ಕೂಗಿ ಕೂಗಿಯೇ ಮಾತಾಡಿ ಅಭ್ಯಾಸ.

ನಮ್ಮ ಮನೆಯಲ್ಲಿ ಆರೂಮುಕ್ಕಾಲಿಗೆ ಕಾಫಿ. ಕ್ಲಾಸು ಮುಗಿದಿರಲಿ ಬಿಡಲಿ, ನಾನು ಹಿತ್ತಿಲ ಬಾಗಿಲಿಗೆ ಬಂದು, ಟೆರೇಸಿಗೆ ಹೋಗುವ ಮೆಟ್ಟಿಲ ಬುಡದಲ್ಲಿ ನಿಂತು, ‘ರೀ, ಕಾಫಿ ಆರ್ತಿದೆ!’ ಎಂದು ಕೂಗುತ್ತಿದ್ದೆ. ಅವರು ಇಳಿದು ಬರುತ್ತಿದ್ದರು. ಒಂದು ದಿನ ಆ ಹುಡುಗಿ ಕ್ಲಾಸನ್ನು ಪೂರ್ತಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದಳಂತೆ. ನಾವು ಒಂದು ವಾರ ಶಿವಗಂಗೆಯ ಕಡೆ ನೆಂಟರ ಮನೆಗೆ ಹೋಗುವುದಿತ್ತು, ಅಷ್ಟು ದಿನ ಅವರಿಗೆಲ್ಲ ಅಭ್ಯಾಸಕ್ಕಿರಲಿ ಎಂದು. ನನಗೇನು ಗೊತ್ತು? ಅವರೆಲ್ಲ ಕುಂಭಕದಲ್ಲಿದ್ದಾಗ, ಅಂದರೆ ಉಸಿರನ್ನು ಒಳಗೆ ತುಂಬಿಕೊಂಡು ಬಿಡದೆ ಹಿಡಿದು ಕೂತಿದ್ದಾಗ, ನಾನು ಕೆಳಗಿಂದ ಬೀದಿಗೆಲ್ಲ ಕೇಳುವಂತೆ ಅರಚಿದೆ. ‘ರೀ, ಕಾಫಿ ಆರ್ತಿದೆ! ಮತ್ತೆ ಬಿಸಿ ಮಾಡಿಕೊಡಲ್ಲ ನಾನು, ಹೇಳಿದೀನಿ!’

ಅವರು ಇಳಿದು ಬಂದರು. ಹಿಂದೆಯೇ ಕ್ಲಾಸಿನವರೂ ಬಂದರು. ಬ್ಯಾಂಕಿನವರಿಗೆ ಎಲ್ಲದಕ್ಕೂ ರೂಲ್ಸು ಬೇಕು. ‘ಮೇಡಂ, ತಪ್ಪು ತಿಳ್ಕೋಬೇಡಿ. ಕುಂಭಕದಲ್ಲಿರೋರನ್ನ ಹಾಗೆ ಕರೀಬಾರ್ದು. ಬೆಚ್ಚಿಬಿದ್ರೆ ನರಕ್ಕೆ ಹೊಡೆಯತ್ತೆ, ಡೇಂಜರ್ರು’ ಎಂದರು. ಐದು ಜನರ ಮುಂದೆ, ನನ್ನ ಮನೆಯಲ್ಲಿ, ನನಗೆ ಬುದ್ಧಿ ಹೇಳಿದರು! ಮೈಯೆಲ್ಲ ಉರಿಯಿತು. ನನ್ನ ಗಂಡನಾದರೂ ಏನಾದರೂ ಅನ್ನಬಾರದಾ? ಲೋಟ ಎತ್ತಿಕೊಂಡು ಕಾಫಿ ಹೀರುತ್ತಾ ನಿಂತಿದ್ದರು. ಅವರೆಲ್ಲ ಹೋದ ಮೇಲೆ ನಾನು ಹೇಳಿದೆ. ‘ಸರಿ, ಆಯ್ತು. ಇನ್ಮೇಲೆ ನೀವು ಅಲ್ಲೇ ಕಲ್ಲಾಗಿ ಹೋದ್ರೂ ನಾನು ಕರೆಯಲ್ಲ.’

ಈ ಮಾತನ್ನು ನಾನು ಆಡಿದ್ದು ನಿಜ. ಬಾಯಿತಪ್ಪಿ ಬಂತು ಎಂದು ಹೇಳಿಕೊಳ್ಳಲಾರೆ.

ಅಂದಿನಿಂದ ಕರೆಯಲಿಲ್ಲ. ಐದು ತಿಂಗಳು. ಅವರು ಏಳಕ್ಕೋ ಏಳೂಕಾಲಿಗೋ ತಾವೇ ಇಳಿದು ಬಂದು, ಆರಿದ ಕಾಫಿ ಕುಡಿಯುತ್ತಿದ್ದರು. ಒಂದು ಸಲ ಕೇಳಿದರು, ‘ಯಾಕೇ ಈಚೆಗೆ ಕರೀತಾನೇ ಇಲ್ಲ?’ ‘ನಿಮ್ಮ ಕುಂಭಕ ಕೆಟ್ಟುಹೋಗತ್ತಲ್ಲ’ ಅಂದೆ. ಅವರು ಏನೋ ಹೇಳಲು ಬಾಯಿ ತೆರೆದು, ನನ್ನ ಮುಖ ನೋಡಿ ಸುಮ್ಮನಾದರು. ನನ್ನ ಮುಖ ಊದಿಕೊಂಡಿದ್ದರೆ ಅವರು ಮಾತಾಡುತ್ತಿರಲಿಲ್ಲ. ತಾನಾಗಿ ಇಳಿಯುತ್ತದೆ ಎಂದು ಕಾಯುವುದು ಅವರ ಪದ್ಧತಿ.

ಆ ಶನಿವಾರ ಬೆಳಿಗ್ಗೆ ಕ್ಲಾಸಿಗೆ ಹತ್ತುವ ಮುಂಚೆ ನಮಗೆ ಜಗಳವಾಯಿತು. ಮರುದಿನ ಕ್ಲಾಸಿನವರನ್ನೆಲ್ಲ ತಿಂಡಿಗೆ ಕರೆದಿದ್ದೇನೆ ಎಂದು ಅವರು ಆಗ ತಾನೇ ನನಗೆ ತಿಳಿಸಿದರು. ನನ್ನನ್ನು ಒಂದು ಮಾತು ಕೇಳಿಲ್ಲ. ‘ನಾನೇನು ಇಲ್ಲಿ ಹೋಟೆಲ್ ಇಟ್ಕೊಂಡಿದೀನಾ? ಅಕ್ಕಿ ನೆನೆಸಬೇಕು, ರುಬ್ಬಬೇಕು, ಉದ್ದು ಇದೆಯೋ ಇಲ್ವೋ ಅದಾದ್ರೂ ಗೊತ್ತಾ ನಿಮಗೆ?’ ಎಂದು ಕೂಗಾಡಿದೆ. ‘ಉಪ್ಪಿಟ್ಟು ಮಾಡಿದ್ರಾಯ್ತು ಬಿಡೇ’ ಎಂದು ಹೇಳಿ ಮೆಟ್ಟಿಲು ಹತ್ತಿದರು. ಅವರು ನನಗೆ ಹೇಳಿದ ಕೊನೆಯ ಮಾತು ಇದು. ಉಪ್ಪಿಟ್ಟು ಮಾಡಿದ್ರಾಯ್ತು ಬಿಡೇ.

ಆರೂಮುಕ್ಕಾಲಾಯಿತು, ಏಳಾಯಿತು. ಏಳೂಕಾಲೂ ದಾಟಿತು. ಮೇಲಿಂದ ಒಂದು ಸದ್ದಿಲ್ಲ. ನನಗೆ ಇನ್ನೂ ಸಿಟ್ಟು ಬಂತು. ಬೇಕೆಂದೇ ತಡ ಮಾಡುತ್ತಿದ್ದಾರೆ, ನಾನು ಕರೆಯಲಿ ಎಂದು ಕಾಯುತ್ತಿದ್ದಾರೆ ಅನ್ನಿಸಿತು. ಕರೆಯುವವಳು ನಾನಲ್ಲ ಎಂದುಕೊಂಡು, ಆರಿದ ಕಾಫಿಯ ಲೋಟ ಹಿಡಿದು ಮೇಲೆ ಹತ್ತಿದೆ. ಕಣ್ಣೆದುರಿಗೇ ಕುಕ್ಕಿ ಬರೋಣ ಎಂದು.

ಟೆರೇಸಿನಲ್ಲಿ ಎಲ್ಲರೂ ಕಣ್ಣು ಮುಚ್ಚಿ ಕೂತಿದ್ದರು. ಆರು ಜನ ಚಾಪೆಗಳ ಮೇಲೆ, ಅವರಿಗೆ ಎದುರಾಗಿ ಇವರು, ಟ್ಯಾಂಕಿನ ಗೋಡೆಗೆ ಬೆನ್ನು ಕೊಟ್ಟು, ಪದ್ಮಾಸನದಲ್ಲಿ. ಹಣೆಯ ಮೇಲೆ ವಿಭೂತಿ, ಕುತ್ತಿಗೆಯಲ್ಲಿ ಇಷ್ಟಲಿಂಗದ ಕರಡಿಗೆ. ನಾನು ಲೋಟವನ್ನು ಮೆಟ್ಟಿಲ ಬಾಗಿಲಿನ ಕಟ್ಟೆಯ ಮೇಲೆ ಟಣ್ ಎಂದು ಕುಕ್ಕಿದೆ. ಅವರು ಕಣ್ಣು ಬಿಡಲಿಲ್ಲ. ಒಂದು ನಿಮಿಷ ನೋಡುತ್ತಾ ನಿಂತೆ. ಆಮೇಲೆ ಕೆಳಗಿಳಿದು ಹೋಗಿ ತೆಂಗಿನಕಾಯಿ ತುರಿಯುತ್ತಾ ಕೂತೆ. ಅರ್ಧ ಹೋಳು ತುರಿದಿದ್ದೆ. ಮೇಲಿಂದ ಬ್ಯಾಂಕಿನವರು ‘ಮೇಡಂ! ಮೇಡಂ!’ ಎಂದು ಕಿರುಚಿದರು.

ಅಡ್ಡರಸ್ತೆಯ ಡಾಕ್ಟರು ಓಡಿ ಬಂದು ನೋಡಿ, ಹೃದಯ ನಿಂತಿದೆ, ಉಸಿರಾಟದ ಅಭ್ಯಾಸಕ್ಕೂ ಇದಕ್ಕೂ ಸಂಬಂಧವಿಲ್ಲ, ಒಳಗೆ ಮೊದಲೇ ತೊಂದರೆ ಇದ್ದಿರಬೇಕು ಎಂದರು. ‘ಯಾವಾಗ?’ ಎಂದು ಕೇಳಿದೆ. ‘ಅರ್ಧ ಗಂಟೆ, ಮುಕ್ಕಾಲು ಗಂಟೆ, ಕರೆಕ್ಟಾಗಿ ಹೇಳಕ್ಕಾಗಲ್ಲಮ್ಮ’ ಎಂದರು. ಆ ಕರೆಕ್ಟಾಗಿ ಹೇಳಲಾಗದ ಹೊತ್ತಿನೊಳಗೆ ನಾನು ಇವತ್ತಿಗೂ ಸಿಕ್ಕಿಹಾಕಿಕೊಂಡಿದ್ದೇನೆ.

ಆರು ಜನ ಏನು ಮಾಡುತ್ತಿದ್ದರು ಎಂದು ನೀವು ಕೇಳಬಹುದು. ಎಲ್ಲರೂ ಕೇಳಿದರು. ಆವತ್ತು ಅವರು ಕೊನೆಯಲ್ಲಿ ಹೇಳಿದ್ದರಂತೆ, ‘ಇವತ್ತು ಎಣಿಸಲ್ಲ. ಉಸಿರು ಹಿಡೀರಿ. ನಾನು ಬಿಡಿ ಅನ್ನೋವರೆಗೂ ಯಾರೂ ಕಣ್ಣು ತೆಗೀಬೇಡಿ.’ ಆಮೇಲೆ ‘ಬಿಡಿ’ ಬರಲೇ ಇಲ್ಲ. ಆರು ಜನರೂ ಒಂದೊಂದು ನಿಮಿಷದಲ್ಲಿ ಸೋತು, ಸದ್ದಾಗದಂತೆ ಕದ್ದು ಉಸಿರು ಬಿಟ್ಟು, ಕದ್ದು ತೆಗೆದುಕೊಂಡು, ತಾನೊಬ್ಬನೇ ಕೈಲಾಗದವನು, ಮಿಕ್ಕವರೆಲ್ಲ ಇನ್ನೂ ಹಿಡಿದಿದ್ದಾರೆ ಎಂದುಕೊಂಡು ನಾಚಿಕೆಯಿಂದ ಕಣ್ಣು ಮುಚ್ಚಿಯೇ ಕೂತಿದ್ದರು. ಗುರುಗಳು ಪರೀಕ್ಷೆ ಮಾಡುತ್ತಿದ್ದಾರೆ ಎಂದು. ಹನ್ನೊಂದನೇ ದಿನದೊಳಗೆ ಆರರಲ್ಲಿ ನಾಲ್ಕು ಜನ ಒಬ್ಬೊಬ್ಬರಾಗಿ ಬಂದು ನನ್ನ ಹತ್ತಿರ ಇದನ್ನೇ ಹೇಳಿಕೊಂಡರು, ಪ್ರತಿಯೊಬ್ಬರೂ ಇದು ತಮ್ಮೊಬ್ಬರ ಗುಟ್ಟು ಅನ್ನುವ ಹಾಗೆ. ನಗು ಬಂತು. ದೇವರಾಣೆಗೂ ನಗು ಬಂತು. ಸಾವಿನ ಮನೆಯಲ್ಲಿ ಸೆರಗು ಬಾಯಿಗೊತ್ತಿಕೊಂಡು ನಕ್ಕೆ, ಬಂದವರು ಅಳುತ್ತಿದ್ದಾಳೆ ಎಂದುಕೊಂಡರು.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಕೂರಿಸುತ್ತಾರೆ. ನಡುಮನೆಯ ಗೋಡೆಗೆ ಒರಗಿಸಿ ಪದ್ಮಾಸನ ಹಾಕಿಸಿ, ತಲೆ ವಾಲದಂತೆ ಬಟ್ಟೆ ಕಟ್ಟಿ, ಎಡಗೈಯಲ್ಲಿ ಇಷ್ಟಲಿಂಗ ಇಡುತ್ತಾರೆ. ರುದ್ರಭೂಮಿಯಲ್ಲೂ ಹಾಗೆಯೇ ಕೂರಿಸಿ, ಸುತ್ತ ವಿಭೂತಿ, ಬಿಲ್ವಪತ್ರೆ ತುಂಬಿ ಮಣ್ಣು ಮುಚ್ಚುತ್ತಾರೆ. ಕ್ರಿಯೆ ಮಾಡಿಸಲು ಬಂದ ಅಯ್ಯನವರು, ‘ಎಷ್ಟೋ ಜನರನ್ನ ಕೂರಿಸೋದೇ ಕಷ್ಟ ಆಗತ್ತೆ ತಾಯಿ, ಕಾಲು ಮಡಚಲ್ಲ. ಇವರಿಗೆ ನಾವೇನೂ ಮಾಡಲೇ ಇಲ್ಲ, ತಾವೇ ಕೂತ್ರು’ ಎಂದರು. ಬಂದವರೆಲ್ಲ ಕೈ ಮುಗಿದು, ಎಂಥಾ ಪುಣ್ಯದ ಸಾವು, ಯೋಗಿಗಳ ಸಾವು, ಕುಂಭಕದಲ್ಲೇ ಲಿಂಗೈಕ್ಯರಾದರು ಎಂದು ಕೊಂಡಾಡಿದರು. ‘ನೀವೂ ಅವರ ಧ್ಯಾನ ಕೆಡಿಸಲಿಲ್ಲವಂತಲ್ಲ, ಮಹಾತಾಯಿ’ ಎಂದು ಯಾರೋ ನನ್ನ ಕಾಲಿಗೂ ಬಿದ್ದರು. ನಾನು ಕಾಲು ಹಿಂದಕ್ಕೆಳೆದುಕೊಂಡೆ.

ಮಲಗಿಸಿದ್ದರೆ ಅವರು ಮಲಗಿದ್ದಾರೆ ಎಂದು ನನಗೂ ಸಮಾಧಾನವಾಗುತ್ತಿತ್ತೇನೋ. ಈಗ ಯಾವಾಗ ಕಣ್ಣು ಮುಚ್ಚಿದರೂ ಅವರು ಮಣ್ಣಿನೊಳಗೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತೇ ಇರುತ್ತಾರೆ, ಟೆರೇಸಿನಲ್ಲಿ ಕೂತ ಹಾಗೆಯೇ, ನಾನು ಕರೆಯಲಿ ಎಂದು.

ಒಂದು ತಿಂಗಳಾದ ಮೇಲೆ ನನ್ನ ಉಸಿರು ಕೆಟ್ಟಿತು. ಒಳಗೆ ಹೋಗುತ್ತಿತ್ತು, ಹೊರಗೆ ಬರುವಾಗ ಅರ್ಧದಲ್ಲಿ ನಿಲ್ಲುತ್ತಿತ್ತು. ಎದೆಯ ಮೇಲೆ ಯಾರೋ ಅಂಗೈ ಒತ್ತಿ ಹಿಡಿದ ಹಾಗೆ. ಸೊಪ್ಪಿನವಳ ಹತ್ತಿರ ಮಾತಾಡುತ್ತಿದ್ದಾಗ ನಿಂತುಬಿಡುತ್ತಿತ್ತು, ಹಲ್ಲುಜ್ಜುವಾಗ ನಿಂತುಬಿಡುತ್ತಿತ್ತು. ಕಣ್ಣು ಕತ್ತಲೆ ಬಂದು ಎರಡು ಸಲ ಬಿದ್ದೆ. ಜಯನಗರದ ಆಸ್ಪತ್ರೆಯೊಂದರಲ್ಲಿ ಇಸಿಜಿ, ಎಕ್ಸ್‌ರೇ, ಊದಿಸುವ ಟೆಸ್ಟು ಎಲ್ಲ ಮಾಡಿದರು. ಎಲ್ಲ ನಾರ್ಮಲ್ಲು. ‘ದುಃಖ ಹೀಗೂ ಬರತ್ತೆ ಅಮ್ಮ. ಯಾರ ಹತ್ರಾನಾದ್ರೂ ಪ್ರಾಣಾಯಾಮ ಕಲೀರಿ’ ಎಂದರು ಆ ಸಣ್ಣ ವಯಸ್ಸಿನ ಡಾಕ್ಟರು. ಅವರ ಮುಖವನ್ನೇ ದುರುದುರು ನೋಡಿದೆ.

ನಮ್ಮ ಟೆರೇಸಿಗೆ ಹೋಗುವ ಧೈರ್ಯವಿರಲಿಲ್ಲ. ಅದಕ್ಕೆ ಜಯನಗರದಲ್ಲಿ ಎರಡು ದಿನದ ಶಿಬಿರವೊಂದಕ್ಕೆ ಹೋದೆ, ಉಸಿರಿನಿಂದ ಮನಸ್ಸಿನ ಗಾಯ ವಾಸಿ ಮಾಡುತ್ತಾರಂತೆ ಎಂದು ಎದುರು ಮನೆಯವರು ಹೇಳಿದ್ದರಿಂದ. ಮೂರನೇ ಮಹಡಿಯ ಹಾಲು, ಮೇಣದಬತ್ತಿ, ಅಗರಬತ್ತಿಗಿಂತ ಜೋರಾದ ಏನೋ ಒಂದು ವಾಸನೆ, ಪ್ರತಿಯೊಬ್ಬರ ಪಕ್ಕದಲ್ಲೂ ಒಂದೊಂದು ಟಿಶ್ಯೂ ಡಬ್ಬ. ಅಳಲಿಕ್ಕೆ ಮುಂಗಡವಾಗಿಯೇ ತಯಾರಿ! ನಡೆಸಿಕೊಡುತ್ತಿದ್ದ ಹೆಣ್ಣುಮಗಳು ಒಳ್ಳೆಯವಳು, ಮೆತ್ತಗೆ ಮಾತಾಡುತ್ತಿದ್ದಳು. ಬಾಯಿ ತೆರೆದು ಜೋರಾಗಿ ಉಸಿರಾಡಿ, ಏನು ಬಂದರೂ ಬರಲಿ ಎಂದಳು. ಹತ್ತು ನಿಮಿಷಕ್ಕೆ ಹಾಲಿನ ತುಂಬಾ ಗೊಳೋ ಎಂದು ಅಳು. ಪಕ್ಕದ ಗಂಡಸು ‘ಅಪ್ಪಾ, ಅಪ್ಪಾ’ ಎಂದು ನೆಲ ಗುದ್ದುತ್ತಿದ್ದ. ನನಗೆ ಮಾತ್ರ ಒಂದು ಹನಿ ಬರಲಿಲ್ಲ. ಅವಳು ನನ್ನ ಹತ್ತಿರ ಬಂದು ಹೊಟ್ಟೆಯ ಮೇಲೆ ಕೈಯಿಟ್ಟು, ‘ಏನನ್ನೋ ಹಿಡ್ಕೊಂಡಿದೀರಾ ಅಮ್ಮ’ ಎಂದಳು. ‘ಹೌದು, ಬಾತ್‌ರೂಂ ಎಲ್ಲಿದೆ?’ ಎಂದು ಕೇಳಿ ಎದ್ದವಳು ಚಪ್ಪಲಿ ಮೆಟ್ಟಿಕೊಂಡು ಸೀದಾ ಮನೆಗೆ ಬಂದೆ.

ಅವಳು ಹೇಳಿದ್ದು ನಿಜವೇ ಆಗಿತ್ತು. ಅದಕ್ಕೇ ಓಡಿ ಬಂದದ್ದು.

ಇಷ್ಟರಲ್ಲಿ ವರ್ಷವಾಗುತ್ತಾ ಬಂದಿತ್ತು. ವರ್ಷದ ಸ್ಮರಣೆಗೆ ನಾಲ್ಕು ದಿನ ಇರುವಾಗ ಬಿಟಿಎಂನ ಹುಡುಗಿ ಕ್ಲಾಸು ಶುರುವಾಗುವ ಮುಂಚೆ ಅಡುಗೆಮನೆ ಬಾಗಿಲಿಗೆ ಬಂದಳು. ಇಳಿದುಹೋಗಿದ್ದಳು, ಕಣ್ಣಿನ ಸುತ್ತ ಕಪ್ಪು. ‘ಆಂಟಿ, ನಾನಿನ್ನು ಕ್ಲಾಸಿಗೆ ಬರಲ್ಲ. ಹೇಳಿ ಹೋಗೋಣ ಅಂತ ಬಂದೆ’ ಎಂದಳು. ಯಾಕೆ ಅಂದೆ. ಲಿಫ್ಟಿನ ಭಯ ಮತ್ತೆ ಬಂದಿದೆಯಂತೆ, ಮೊದಲಿಗಿಂತ ಜೋರಾಗಿ. ನೀರು ಕೊಟ್ಟು ಸ್ಟೂಲಿನ ಮೇಲೆ ಕೂರಿಸಿದೆ. ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅವಳು ಹೇಳಿದಳು.

‘ಅವತ್ತು ನಾನು ಕಣ್ಣು ಬಿಟ್ಟಿದ್ದೆ ಆಂಟಿ. ಯಾರಿಗೂ ಹೇಳಿಲ್ಲ. ನೀವು ಲೋಟ ಇಟ್ರಲ್ಲ, ಆ ಸದ್ದಿಗೆ. ಸರ್‌ನ ನೋಡ್ದೆ. ಏನೋ ಸರಿಯಿಲ್ಲ ಅನ್ನಿಸ್ತು. ಆಮೇಲೆ ನಿಮ್ಮನ್ನ ನೋಡ್ದೆ. ನೀವು ಅವರನ್ನೇ ನೋಡ್ತಾ ನಿಂತಿದ್ರಿ. ಆಮೇಲೆ ಆರಾಮಾಗಿ ಕೆಳಗೆ ಹೋದ್ರಿ. ನೀವೇ ಹೋದ್ರಿ ಅಂದ್ಮೇಲೆ ಏನೂ ಇಲ್ಲ, ಸರ್ ಚೆನ್ನಾಗೇ ಇದಾರೆ ಅಂದ್ಕೊಂಡು ನಾನು ಮತ್ತೆ ಕಣ್ಣು ಮುಚ್ಕೊಂಡೆ. ನಿಮಗೆ ಗೊತ್ತಾಗ್ಲಿಲ್ಲ ಸರಿ, ನಂಗೆ ಅನ್ನಿಸಿತ್ತು ಅಲ್ವಾ? ನಾನು ಯಾಕೆ ಕೂಗ್ಲಿಲ್ಲ?’

ಆ ಮಗು ಒಂದು ವರ್ಷದಿಂದ ನನ್ನ ಪಾಲಿನದನ್ನು ತಾನು ಹೊತ್ತುಕೊಂಡು ತಿರುಗುತ್ತಿತ್ತು. ಯಾಕೆಂದರೆ ನನಗೆ ಗೊತ್ತಾಗಲಿಲ್ಲ ಅನ್ನುವುದು ಸುಳ್ಳು.

ಈಗ ಬರೆಯುತ್ತೇನೆ. ಕುಂಭಕದಲ್ಲಿ ಬಲಗೈ ಮೂಗಿನ ಮೇಲಿರುತ್ತದೆ. ಹೆಬ್ಬೆರಳು ಒಂದು ಹೊಳ್ಳೆಗೆ, ಉಂಗುರದ ಬೆರಳು ಇನ್ನೊಂದಕ್ಕೆ. ಅವರು ಯಾವತ್ತೂ ಹಾಗೆಯೇ ಹಿಡಿಯುತ್ತಿದ್ದರು, ವರ್ಷಗಟ್ಟಲೆ ನೋಡಿದ್ದೇನೆ. ಆವತ್ತು ಅವರ ಬಲಗೈ ಮಡಿಲಿನಲ್ಲಿ ಬಿದ್ದಿತ್ತು, ಅಂಗೈ ಮೇಲಾಗಿ, ಬೆರಳುಗಳು ಅರ್ಧ ಬಿಚ್ಚಿ. ನಾನದನ್ನು ನೋಡಿದೆ. ಇದೇನು ಕೈ ಇಲ್ಲಿದೆ ಎಂದು ಮನಸ್ಸಿಗೂ ಬಂತು. ಒಂದು ಸಲ ‘ರೀ’ ಅಂದಿದ್ದರೆ ಸಾಕಿತ್ತು. ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಐದು ತಿಂಗಳು ಕರೆಯದೆ ಇದ್ದವಳು, ಆ ಬೆಳಿಗ್ಗೆಯೇ ಜಗಳವಾಡಿದವಳು, ನಾನು ಮೊದಲು ಕರೆಯಬೇಕಾ? ಧ್ಯಾನ ಕೆಡಬಾರದು ಎಂದಲ್ಲ. ನರಕ್ಕೆ ಹೊಡೆಯುತ್ತದೆ ಎಂದೂ ಅಲ್ಲ. ಹಠಕ್ಕೆ. ಬರೀ ಹಠಕ್ಕೆ ನಾನು ಅವರನ್ನು ಕರೆಯಲಿಲ್ಲ.

ಆಗ ಜೀವ ಇತ್ತೋ ಇಲ್ಲವೋ ಗೊತ್ತಿಲ್ಲ.

ಇಷ್ಟನ್ನು ಆ ಹುಡುಗಿಗೆ ಆವತ್ತೇ ಹೇಳಬೇಕಿತ್ತು. ಹೇಳಲಿಲ್ಲ. ‘ನೀನೇನು ಮಾಡಕ್ಕಾಗ್ತಿತ್ತು ಬಿಡಮ್ಮ’ ಎಂದು ಬೆನ್ನು ಸವರಿ ಕಳಿಸಿದೆ. ವರ್ಷದ ಸ್ಮರಣೆಗೆ ತಪ್ಪದೆ ಬಾ ಎಂದು ಮಾತ್ರ ಹೇಳಿದೆ. ಅವಳ ಸ್ಕೂಟಿ ತಿರುವಿನಲ್ಲಿ ಮರೆಯಾದ ಮೇಲೆ ನನ್ನ ಹೇಡಿತನಕ್ಕೆ ನಾನೇ ತಲೆ ಚಚ್ಚಿಕೊಂಡೆ.

ಸ್ಮರಣೆಯ ದಿನ ಅಯ್ಯನವರು ಬರುವುದು ಹತ್ತು ಗಂಟೆಗೆ. ಕ್ಲಾಸಿನವರು ಎಂದಿನಂತೆ ಆರಕ್ಕೇ ಬಂದರು, ಅವಳೂ ಬಂದಳು. ನಾನು ಎಫ್‌ಎಂ ಹಾಕಲಿಲ್ಲ. ಸೀರೆ ಎತ್ತಿ ಸಿಕ್ಕಿಸಿಕೊಂಡು, ಗೋಡೆ ಹಿಡಿದುಕೊಂಡು ಹದಿನಾರು ಮೆಟ್ಟಿಲು ಹತ್ತಿದೆ. ಒಂದು ವರ್ಷದಿಂದ ಹತ್ತಿರಲಿಲ್ಲ. ಬಟ್ಟೆ ಒಣಹಾಕಲೂ ಮುಂದಿನ ವರಾಂಡವೇ ಗತಿಯಾಗಿತ್ತು. ನನ್ನನ್ನು ನೋಡಿ ಬ್ಯಾಂಕಿನವರು ಗಡಬಡಿಸಿ ಒಂದು ಚಾಪೆ ಹಾಸಿದರು. ಹುಡುಗಿಯ ಪಕ್ಕದಲ್ಲಿ ಕೂತೆ. ಟ್ಯಾಂಕಿನ ಗೋಡೆಯ ಹತ್ತಿರ ಅವರು ಕೂರುತ್ತಿದ್ದ ಜಾಗದಲ್ಲಿ ಚಾಪೆ ಇತ್ತು, ಅದರ ಮೇಲೆ ಯಾರೂ ಇರಲಿಲ್ಲ. ಕಟ್ಟೆಯ ಮೇಲಿಂದ ಸ್ಪೀಕರು ಮಾತಾಡುತ್ತಿತ್ತು.

‘ನಿಧಾನ. ಅವಸರ ಯಾಕೆ? ಯಾವ ಬಸ್ಸೂ ಹೋಗ್ತಾ ಇಲ್ಲ.’ ನಾನು ಮರೆತೇಬಿಟ್ಟಿದ್ದೆ, ಅವರು ಹೀಗೆ ಹೇಳುತ್ತಿದ್ದರು. ಅವರ ದನಿಯಲ್ಲಿ ಸ್ವಲ್ಪ ನೆಗಡಿ ಇತ್ತು. ಹಿಂದೆ ಎಲ್ಲೋ ಮೆಟ್ರೊ ಹೋದ ಸದ್ದು, ಎದುರು ಮನೆಯ ಕುಕ್ಕರಿನ ಸದ್ದು. ಒಂದೂವರೆ ವರ್ಷದ ಹಿಂದಿನ ಆ ಬೆಳಗು ನನ್ನ ಸುತ್ತ ಹಾಗೇ ಬಂದು ಕೂತಿತು. ಈ ಬೆಳಗಿನ ಮೆಟ್ರೊ ಯಾವುದು, ಆ ಬೆಳಗಿನದು ಯಾವುದು ತಿಳಿಯದಂತಾಯಿತು. ಕಣ್ಣು ಮುಚ್ಚಿಕೊಂಡೆ. ತೆರೆದರೆ ಖಾಲಿ ಚಾಪೆ, ಮುಚ್ಚಿದರೆ ಅವರು.

ಕೊನೆಗೆ ‘ಹಿಡೀರಿ’ ಎಂದರು. ಎಲ್ಲರೂ ಹಿಡಿದರು. ಎಣಿಕೆ ಒಂಬತ್ತಕ್ಕೆ ಬಂದಿತ್ತು, ಕೆಳಗಿನಿಂದ ನಾನು ಅರಚಿದೆ. ‘ರೀ, ಕಾಫಿ ಆರ್ತಿದೆ! ಮತ್ತೆ ಬಿಸಿ ಮಾಡಿಕೊಡಲ್ಲ ನಾನು, ಹೇಳಿದೀನಿ!’ ಎಂಥ ಗಂಟಲು ನನ್ನದು! ರೆಕಾರ್ಡಿಂಗಿನಲ್ಲಿ ಯಾರೋ ಕಿಸಕ್ಕೆಂದರು. ಇಷ್ಟಕ್ಕೇ ಸರಿಯಾಗಿ ನಾನು ದಿನಾ ಮಿಕ್ಸಿ ಹಾಕುತ್ತಿದ್ದೆ. ಇದರ ಮುಂದೆ ಏನಿದೆ ಎಂದು ಕೇಳಿಯೇ ಇರಲಿಲ್ಲ. ನನ್ನ ಮರ್ಯಾದೆ ಹೋಗಿದ್ದಷ್ಟೇ ಇದೆ ಎಂದುಕೊಂಡಿದ್ದೆ.

‘ಬಿಡಿ ಬಿಡಿ, ಉಸಿರು ಬಿಡಿ’ ಎಂದರು ಅವರು, ನಗುತ್ತಾ. ‘ಕೇಳಿ ಎಲ್ಲರೂ. ಮನೆಯವರು ಕರೆದ್ರೆ ಎದ್ದು ಹೋಗ್ಬೇಕು. ಬಿಟ್ಟು ಏಳಬಾರದಂಥಾ ಕುಂಭಕ ಯಾವುದೂ ಇಲ್ಲ. ಇದನ್ನ ನಾಳೆ ಮಾಡ್ಬಹುದು. ಇಡೀ ದಿನದಲ್ಲಿ ನಂಗೆ ಇದೊಂದು ಕೂಗು ಕೇಳಿದ್ರೇನೇ ಬೆಳಗಾಗೋದು.’ ಆಮೇಲೆ ಮಂಡಿ ಹಿಡಿದು ಏಳುವಾಗಿನ ನರಳು, ‘ಶಿವಾ’ ಎಂಬ ಉದ್ಗಾರ. ಆಮೇಲೆ ಜೋರಾಗಿ, ಮೆಟ್ಟಿಲ ಕಡೆ ತಿರುಗಿ, ‘ಬಂದೆ ಕಣೇ!’

ಚಪ್ಪಲಿಯ ಸದ್ದು ಟೆರೇಸು ದಾಟಿ ಮೆಟ್ಟಿಲು ಇಳಿಯಿತು. ಟಪ್, ಟಪ್, ಟಪ್. ನಾನು ತಿರುಗಿ ಮೆಟ್ಟಿಲ ಬಾಗಿಲನ್ನು ನೋಡಿದೆ. ಯಾರೂ ಇಲ್ಲ ಎಂದು ಗೊತ್ತಿದ್ದೂ ನೋಡಿದೆ. ಸದ್ದು ಆರನೆಯ ಮೆಟ್ಟಿಲಿಗೆ ನಿಂತಿತು. ಅವರು ನಿಂತಿದ್ದಲ್ಲ, ಅಲ್ಲಿಂದ ಮುಂದೆ ಫೋನಿಗೆ ಕೇಳಿಸಿಲ್ಲ. ನಾನು ಕರೆಯುವುದನ್ನು ಬಿಟ್ಟದ್ದು ಈ ಮಾತು ಹೇಳಿದ ಮನುಷ್ಯನನ್ನು. ‘ಯಾಕೇ ಈಚೆಗೆ ಕರೀತಾನೇ ಇಲ್ಲ’ ಎಂದು ಕೇಳಿದಾಗ ಬಾಯಿ ತೆರೆದು ಸುಮ್ಮನಾದದ್ದು ಇದನ್ನೇ ಹೇಳಲಿಕ್ಕೋ ಏನೋ.

ರೆಕಾರ್ಡಿಂಗು ಮುಗಿದ ಮೇಲೆ ಎಲ್ಲರೂ ಕಣ್ಣು ತೆರೆದರು. ನಾನು ಹುಡುಗಿಯ ಕಡೆ ತಿರುಗಿ, ಎಲ್ಲರಿಗೂ ಕೇಳುವ ಹಾಗೆಯೇ ಹೇಳಿದೆ. ‘ಅವತ್ತು ಅವರ ಬಲಗೈ ಮಡಿಲಲ್ಲಿ ಬಿದ್ದಿತ್ತು. ನಾನು ನೋಡಿದ್ದೆ. ಗೊತ್ತಾಗ್ಲಿಲ್ಲ ಅಂತಲ್ಲ. ಬೆಳಿಗ್ಗೆ ಜಗಳ ಆಡಿದ್ವಿ, ಆ ಸಿಟ್ಟಿಗೆ ಕರೀಲಿಲ್ಲ. ನೀನು ನನ್ನ ನಂಬಿ ಕಣ್ಣು ಮುಚ್ಕೊಂಡೆ. ತಪ್ಪು ನಂದು, ನಿಂದಲ್ಲ. ಇನ್ನೊಂದು ದಿನ ಅದನ್ನ ಹೊತ್ಕೊಂಡು ತಿರುಗಬೇಡ.’

ಬ್ಯಾಂಕಿನವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು, ಎದ್ದು ಹೋಗಿ ಟ್ಯಾಂಕಿನ ಮುಚ್ಚಳ ಸರಿ ಮಾಡುವವರ ಹಾಗೆ ಬೆನ್ನು ತಿರುಗಿಸಿ ನಿಂತರು. ಹುಡುಗಿ ನನ್ನ ಮುಖವನ್ನು ತುಂಬಾ ಹೊತ್ತು ನೋಡಿದಳು. ಬೈಯುತ್ತಾಳೆ ಎಂದುಕೊಂಡೆ, ಬೈದಿದ್ದರೆ ಒಳ್ಳೆಯದಿತ್ತು. ಅವಳು ನನ್ನ ಬಲಗೈಯನ್ನು ತೆಗೆದುಕೊಂಡು ತನ್ನ ಮಡಿಲಿನಲ್ಲಿಟ್ಟುಕೊಂಡು ಕೂತಳು. ಆಗ ನನಗೆ ಅಳು ಬಂತು. ಟಿಶ್ಯೂ ಡಬ್ಬ ಇರಲಿಲ್ಲ, ಸೆರಗೇ ಸಾಕಾಯಿತು.

ಇದರಿಂದ ನನಗೆ ಎಲ್ಲ ವಾಸಿಯಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಅವರು ಮಣ್ಣಿನೊಳಗೆ ಇನ್ನೂ ಕೂತೇ ಇದ್ದಾರೆ. ಆ ಹುಡುಗಿ ಮಾತ್ರ ಕ್ಲಾಸು ಬಿಟ್ಟಿಲ್ಲ. ಲಿಫ್ಟಿನಲ್ಲಿ ಹೋಗುತ್ತಾಳೋ ಇಲ್ಲವೋ ನಾನು ಕೇಳಿಲ್ಲ.

ಮಿಕ್ಸಿ ಈಗ ಆ ಹೊತ್ತಿಗೆ ಹಾಕುವುದಿಲ್ಲ. ಆರೂಮುಕ್ಕಾಲಿಗೆ ಕಾಫಿ ಬೆರೆಸಿಕೊಂಡು ಹಿತ್ತಿಲ ಬಾಗಿಲಿಗೆ ಬರುತ್ತೇನೆ. ಮೇಲೆ ಎಣಿಕೆ ಒಂಬತ್ತಕ್ಕೆ ಬಂದಾಗ, ಸ್ಪೀಕರಿನ ನನ್ನ ದನಿಯ ಜೊತೆಗೆ ಸೇರಿಸಿ ನಾನೂ ಕೂಗುತ್ತೇನೆ, ‘ರೀ, ಕಾಫಿ ಆರ್ತಿದೆ!’ ಮೇಲಿನಿಂದ ಅವರು ‘ಬಂದೆ ಕಣೇ’ ಅನ್ನುತ್ತಾರೆ. ಚಪ್ಪಲಿಯ ಸದ್ದು ಒಂದು, ಎರಡು, ಮೂರು, ನಾಲ್ಕು, ಐದು, ಆರು ಎಂದು ಇಳಿದು ನಿಲ್ಲುತ್ತದೆ. ಉಳಿದ ಹತ್ತು ಮೆಟ್ಟಿಲನ್ನು ಲೋಟ ಹಿಡಿದುಕೊಂಡು ನಾನು ಹತ್ತುತ್ತೇನೆ. ಹತ್ತನೆಯದರ ಮೇಲೆ ನಿಂತು, ಪಕ್ಕದಲ್ಲಿ ಅವರಿಗೆ ಸ್ವಲ್ಪ ಜಾಗ ಬಿಟ್ಟು, ಉಸಿರು ಬಿಡುತ್ತೇನೆ.